ಕೋನಪ್ಪನ ಫೋಟೋದಲ್ಲಿ ಮುನಿಗಂಗಮ್ಮ

ಕುಂಟೆಪಾಳ್ಯದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿ ಕಳಿಸುತ್ತಾರೆ. ಮೀಯಿಸಿ, ಹೊಸ ಪಂಚೆ ಉಡಿಸಿ, ಹಣೆಗೆ ಕಾಸು ಒತ್ತಿ, ಕುರ್ಚಿಯಲ್ಲಿ ಕೂರಿಸುತ್ತಾರೆ. ಬೀಳದ ಹಾಗೆ ಎದೆಗೊಂದು, ಬಾಯಿ ಬಿಡದ ಹಾಗೆ ಗದ್ದಕ್ಕೊಂದು ಬಟ್ಟೆ ಕಟ್ಟುತ್ತಾರೆ. ಹಾರ ಹಾಕಿದ ಮೇಲೆ ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ. ಬದುಕಿದ್ದಾಗ ಒಂದು ಸಲವೂ ಕ್ಯಾಮರಾ ಮುಂದೆ ಕೂರದವರು ಕೂಡ ಸತ್ತ ಮೇಲೆ ಒಂದು ಸಲ ಕೂತೇ ಕೂರಬೇಕು.

ಆ ಫೋಟೋದಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನುವುದು ಊರಿಗೆ ಪಹಣಿ ಇದ್ದ ಹಾಗೆ. ಹೆಂಡತಿ ಪಕ್ಕದಲ್ಲಿ, ಕೊನೇ ಸಲ ಹೂವು ಮುಡಿದು, ಕೈತುಂಬ ಬಳೆ ತೊಟ್ಟು. ಮಗ ಇನ್ನೊಂದು ಪಕ್ಕದಲ್ಲಿ. ತಮ್ಮಂದಿರು, ಸೊಸೆಯಂದಿರು, ಬೀಗರು ಅವರವರ ಜಾಗದಲ್ಲಿ. ಮುಂದೆ ಎಂದಾದರೂ ಯಾರು ಯಾರಿಗೆ ಏನಾಗಬೇಕು ಅನ್ನುವ ಮಾತು ಬಂದರೆ ಜನ ಬಾಯಲ್ಲಿ ಹೇಳುವುದಿಲ್ಲ, ಗೋಡೆ ಕಡೆ ಕೈ ತೋರಿಸುತ್ತಾರೆ.

ಮುನಿಗಂಗಮ್ಮ ಕೋನಪ್ಪನಿಗೆ ಏನಾಗಬೇಕು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಗೋಡೆಯ ಮೇಲೆ ಮಾತ್ರ ಎಲ್ಲೂ ಇರಲಿಲ್ಲ.

ಅವಳು ಮಂಚೇನಹಳ್ಳಿ ಕಡೆಯವಳು. ಹದಿನೈದಕ್ಕೆ ಮದುವೆ ಮಾಡಿದರು. ಗಂಡ ಲಾರಿಗೆ ಕ್ಲೀನರ್ ಆಗಿ ಹೋದವನು ಲಾರಿ ವಾಪಸ್ ಬಂದರೂ ತಾನು ಬರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಅಂತ ಶಿಡ್ಲಘಟ್ಟದ ಹತ್ತಿರದ ಈ ಊರಿಗೆ ಬಂದಳು. ಆಗ ಕೋನಪ್ಪ ಎರಡು ಬೆಳೆ ರೇಷ್ಮೆಹುಳು ತಿಪ್ಪೆಗೆ ಸುರಿದು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೂರನೇ ಬೆಳೆಗೆ ಹುಳು ಮೇಯುತ್ತಿದ್ದಾಗ ಈ ಕೂಲಿ ಹೆಂಗಸು ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಒಳಗೆ ಗಾಳಿ ಕೆಟ್ಟದೆ ಕಣಣ್ಣ, ಹಳೇ ಸೊಪ್ಪಿನ ಹಾಸಿಗೆ ತೆಗೆಸಿ, ಇಲ್ದಿದ್ರೆ ನಾಳೆ ಬೆಳಗ್ಗೆಗೆ ಇವೂ ಇರಲ್ಲ" ಅಂದಳು. ತೆಗೆಸಿದ. ಬೆಳೆ ಉಳಿಯಿತು. ಆಮೇಲೆ ಆ ಹುಳುಮನೆಯ ಒಳಗೆ ಅವಳ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಹುಳು ಸೊಪ್ಪು ಕಡಿಯುವ ಸದ್ದು ಕೇಳಿಯೇ ಇವು ಸಂಜೆ ಪೊರೆ ಬಿಡೋ ಜ್ವರಕ್ಕೆ ಕೂರುತ್ತವೆ, ಸೊಪ್ಪು ನಿಲ್ಲಿಸಿ ಅನ್ನುತ್ತಿದ್ದಳು. ಹುಳುಮನೆಗೆ ಒತ್ತಿ ಕೋನಪ್ಪ ಒಂದು ಕೋಣೆ ಕಟ್ಟಿಸಿಕೊಟ್ಟ. ಇಪ್ಪತ್ಮೂರು ವರ್ಷ ಆ ಕೋಣೆಯಲ್ಲೇ ಅವಳ ಒಲೆ, ಅವಳ ಚಾಪೆ. ದಿನಾ ಬೆಳಗ್ಗೆ ಕೋನಪ್ಪನಿಗೆ ಅಲ್ಲೇ ಮುದ್ದೆ.

ಕೋನಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಈ ಇಪ್ಪತ್ಮೂರು ವರ್ಷದಲ್ಲಿ ಒಂದು ದಿನವೂ ಅವಳ ಹೆಸರು ಹಿಡಿದು ಕರೆಯಲಿಲ್ಲ, ಜಗಳವನ್ನೂ ಆಡಲಿಲ್ಲ. ಏನಾದರೂ ಹೇಳಬೇಕಾದರೆ ಗಾಳಿಗೆ ಹೇಳುತ್ತಿದ್ದಳು. "ಹಸೂಗೆ ನೀರು ತೋರ್ಸಿಲ್ಲ ಯಾರೂ" ಅಂದರೆ ಮುನಿಗಂಗಮ್ಮ ಹೋಗಿ ನೀರು ತೋರಿಸಬೇಕು. ಊರವರಿಗೆ ಅವಳು ಹುಳುಮನೆಯೋಳು. ಬೆನ್ನ ಹಿಂದೆ ಇಟ್ಕೊಂಡೋಳು.

ಒಂದೇ ಒಂದು ಸಲ ಅವಳು ಬಾಯಿಬಿಟ್ಟು ಕೇಳಿದ್ದಳು. ರೇಷ್ಮೆಗೂಡು ಒಳ್ಳೇ ರೇಟಿಗೆ ಹೋಗಿ ಕೋನಪ್ಪ ಖುಷಿಯಾಗಿದ್ದ ದಿನ. "ಚಿಂತಾಮಣಿಗೆ ಹೋಗಿ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸ್ಕೊಳಣ. ಇಬ್ರೂ ಒಂದ್ರಲ್ಲಿ."

"ಫೋಟೋ ಯಾಕಮ್ಮ, ನಾನೇ ಇದೀನಲ್ಲ" ಅಂದ ಕೋನಪ್ಪ, ಮುದ್ದೆ ಮುರಿಯುತ್ತಾ.

ಎರಡು ಸಾವಿರದ ಏಳನೇ ಇಸವಿ, ಶಿವರಾತ್ರಿ ಕಳೆದ ಮೇಲೆ, ಆ ಕೋನಪ್ಪ ಸೊಪ್ಪಿನ ತೋಟದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೊದಲು ನೋಡಿದವಳು ಮುನಿಗಂಗಮ್ಮ. ಅವಳೇ ಕೂಗಿ ಜನ ಸೇರಿಸಿದಳು. ಜನ ಬಂದು ಎತ್ತಿಕೊಂಡರು. ಎತ್ತಿಕೊಂಡ ಮೇಲೆ ಅವನನ್ನು ಮುಟ್ಟುವುದಕ್ಕೆ ಅವಳಿಗೆ ಸಂದು ಸಿಗಲಿಲ್ಲ.

ಮಾರನೇ ದಿನ ಬೆಳಗ್ಗೆ ಅವಳು ಹುಳುಗಳಿಗೆ ಸೊಪ್ಪು ಹಾಕಿ, ತಲೆಗೆ ನೀರು ಹಾಕಿಕೊಂಡು, ಕೋನಪ್ಪ ಕಳೆದ ಯುಗಾದಿಗೆ ತಂದುಕೊಟ್ಟಿದ್ದ ಹಸಿರು ಸೀರೆ ಉಟ್ಟಳು. ಹಣೆಗೆ ಕುಂಕುಮ ಇಟ್ಟಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಆಸ್ತಿಯಲ್ಲ, ಅಂತಸ್ತಲ್ಲ. ಆ ಕೊನೇ ಫೋಟೋದಲ್ಲಿ ಒಂದು ಮೂಲೆ. ಕುರ್ಚಿ ಮುಟ್ಟಿಕೊಂಡು ನಿಂತ ಒಂದು ಹೆಂಗಸು ಅಂತ ಅದರಲ್ಲಿ ಕಂಡರೆ ಸಾಕು.

ಮಗ ಸುನೀಲ ಅಪ್ಪನನ್ನು ಕೂರಿಸಿದ್ದು ಹೊಸ ಹುಳುಮನೆಯ ಮುಂದೆ. ಸಿಮೆಂಟು ಗಾರೆ ಮಾಡಿಸಿ ವಾರದ ಹಿಂದೆ ಸುಣ್ಣ ಬಳಿಸಿದ್ದ ಗೋಡೆ. ಫೋಟೋದಲ್ಲಿ ಅದೂ ಬರಲಿ ಅಂತ ಅವನ ಆಸೆ. ಹೆಣಕ್ಕೆ ನೆರಳಾಗಲಿ ಅಂತ ಗೋಡೆಯಿಂದ ಒಂದೆರಡು ಮೊಳ ಬಿಟ್ಟು ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಚಪ್ಪರದ ಕೆಳಗೆ ನೆರಳು. ಹಿಂದೆ ಗೋಡೆಯ ಮೇಲೆ ಕಣ್ಣು ಬಿಡಲಾಗದಂಥ ಬಿಸಿಲು. ಕೋನಪ್ಪನ ಮೈಮೇಲೆ ಬಿಳೀ ಪಂಚೆ, ಬಿಳೀ ಶಾಲು, ಹಣೆತುಂಬ ವಿಭೂತಿ.

ಫೋಟೋ ತೆಗೆಯಲು ಶಿಡ್ಲಘಟ್ಟದಿಂದ ಅಸ್ಗರ್ ಸಾಬರು ಬಂದರು. ಸುತ್ತಿನ ಇಪ್ಪತ್ತು ಹಳ್ಳಿಯ ಹೆಣಗಳನ್ನು ಅವರೇ ತೆಗೆದದ್ದು. "ಈ ಸೀಮೇಲಿ ನನ್ನ ಕಂಡ್ರೆ ಮುದುಕರು ಮುಖ ತಿರುಗಿಸ್ಕೊಂಡು ಹೋಗ್ತಾರೆ" ಅಂತ ಅವರೇ ನಗುತ್ತಿದ್ದರು. ಮೂವತ್ತು ವರ್ಷ ರೀಲು ಹಾಕುವ ಕ್ಯಾಮರಾದಲ್ಲಿ ತೆಗೆದ ಕೈ. ಆ ತಿಂಗಳಷ್ಟೇ ಡಿಜಿಟಲ್ ಕೊಂಡಿದ್ದರು. ಮಾರಿದವನು, "ಏನೂ ಮುಟ್ಟಬೇಡಿ ಚಾಚಾ, ಎಲ್ಲಾ ಆಟೋದಲ್ಲಿದೆ, ಅದೇ ನೋಡ್ಕೊಳ್ತದೆ, ನೀವು ಒತ್ತೋದಷ್ಟೇ" ಅಂದಿದ್ದ. ಸಾಬರು ಅವನ ಮಾತು ದೇವರ ಮಾತು ಅಂತ ಇಟ್ಟುಕೊಂಡಿದ್ದರು.

ಸಾಬರಿಗೆ ಮನೆಯ ಒಳಸುದ್ದಿ ಗೊತ್ತಿರಲಿಲ್ಲ. ಗುಂಪು ನಿಲ್ಲಿಸುತ್ತಾ ನಿಲ್ಲಿಸುತ್ತಾ, ಹಸಿರು ಸೀರೆ ಉಟ್ಟು ದೂರ ನಿಂತಿದ್ದ ಮುನಿಗಂಗಮ್ಮನನ್ನು ನೋಡಿ, "ಅಲ್ಲೇನಮ್ಮ ನಿಂತಿದೀರಿ, ಬನ್ನಿ ಬನ್ನಿ, ಈ ತುದಿ ಖಾಲಿ ಇದೆ" ಅಂತ ಕರೆದರು. ಲಕ್ಷ್ಮಿದೇವಮ್ಮ ಸೆರಗಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ಸುನೀಲ ಹಾರ ಸರಿ ಮಾಡುತ್ತಿದ್ದ. ಮುನಿಗಂಗಮ್ಮ ಬಂದಳು. ಕುರ್ಚಿಯ ಹಿಂಗಾಲ ಪಕ್ಕ ನಿಂತು, ಕುರ್ಚಿಯ ಬೆನ್ನ ಮೇಲೆ ಒಂದು ಕೈ ಇಟ್ಟಳು.

"ಎಲ್ಲಾರೂ ಇತ್ಲಾಗೆ ನೋಡಿ. ಅಮ್ಮ, ಸೆರಗು ತೆಗೀರಿ." ಕ್ಲಿಕ್. "ಇನ್ನೊಂದು." ಕ್ಲಿಕ್.

ಆಯಿತು. ಇಪ್ಪತ್ಮೂರು ವರ್ಷಕ್ಕೆ ಆಗದ್ದು ಎರಡು ಸಲ ಆಯಿತು.

ರೀಲಿನ ಕಾಲವಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸಾಬರು ರೀಲು ಜೇಬಿಗೆ ಹಾಕಿಕೊಂಡು ಹೋಗಿ, ಪ್ರಿಂಟು ಹಾಕುವವನ ಹತ್ತಿರ ಕತ್ತಲನ್ನೆಲ್ಲ ಬೆಳಕು ಮಾಡಿಸಿ ತಂದುಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿರುತ್ತಿತ್ತು. ಆದರೆ ಈ ಕ್ಯಾಮರಾಕ್ಕೆ ಬೆನ್ನಲ್ಲೊಂದು ಕಣ್ಣು, ತೆಗೆದದ್ದನ್ನು ಆಗಲೇ ತೋರಿಸುವ ಗಾಜು. ಸಾಬರು ನೋಡಿದರು. ಸಾಬರ ಮುಖ ಇಳಿಯಿತು.

"ಏನ್ ಸಾಬ್ರೇ, ಹೆಂಗ್ ಬಂತು?" ಅಂತ ಕೋನಪ್ಪನ ತಮ್ಮ ಆವಲಪ್ಪ ಎದ್ದು ಬಂದ. ಅವನ ಹಿಂದೆ ಸುನೀಲ, ಸುನೀಲನ ಹಿಂದೆ ಅರ್ಧ ಊರು. ಬೆಂಕಿಪೊಟ್ಟಣದಷ್ಟು ಗಾಜಿನೊಳಗೆ ಸಾವಿನ ಮನೆ ಪೂರ್ತಿ ತಲೆ ಹಾಕಿತು. ಗೋಡೆ ಮಾತ್ರ ಚೆನ್ನಾಗಿ ಬಂದಿತ್ತು. ಅದರ ಮುಂದೆ ಕಪ್ಪು ಕಪ್ಪು ಬೊಂಬೆಗಳು. ಯಾರಿಗೂ ಕಣ್ಣಿಲ್ಲ, ಮೂಗಿಲ್ಲ.

"ಏಮಿರಾ ಇದಿ!" ಅಂದ ಆವಲಪ್ಪ. ಸಿಟ್ಟು ಬಂದಾಗ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು. "ನಮ್ಮಣ್ಣನ್ನ ಮಸಿಯಲ್ಲಿ ಅದ್ದಿ ತೆಗ್ದಂಗದೆ."

"ಹೆಣಕ್ಕಿಂತ ಬದುಕಿರೋರೇ ಹೆಣ ಕಂಡಂಗೆ ಕಾಣ್ತೀವಲ್ಲೋ" ಅಂತ ಯಾರೋ ಹಿಂದಿನಿಂದ.

ಸುನೀಲ ಗಾಜಿಗೆ ಕಣ್ಣು ಹತ್ತಿಸಿ ಒಂದೊಂದೇ ಬೊಂಬೆ ಎಣಿಸುತ್ತಾ ಬಂದ. ತುದಿಗೆ ಬಂದು ನಿಂತ. "ಇದ್ಯಾರು? ಅಪ್ಪನ ಕುರ್ಚಿ ಮುಟ್ಕೊಂಡಿರೋದು?"

ಎಲ್ಲರೂ ತಿರುಗಿ ನೋಡಿದರು. ಮುನಿಗಂಗಮ್ಮ ಇನ್ನೂ ಅಲ್ಲೇ, ಕೈ ಕುರ್ಚಿಯ ಮೇಲೇ ಇಟ್ಟುಕೊಂಡು ನಿಂತಿದ್ದಳು. ತೆಗೆದರೆ ಮತ್ತೆ ಇಡಲು ಬಿಡುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

ಪಕ್ಕದ ಮನೆಯ ಆಂಜಿನಮ್ಮನ ಬಾಯಿ ಮೊದಲು ತೆರೆಯಿತು. "ಅದಕ್ಕೇ ಹಿಂಗಾಗಿರೋದು. ಮುತ್ತೈದೆ ನಿಲ್ಲೋ ಜಾಗದಲ್ಲಿ ಇಂಥೋಳು ಬಂದು ನಿಂತ್ರೆ ಬೆಳಕು ಎಲ್ಲಿಂದ ಬಂದಾತು? ಕಣ್ಣಿಗೆ ಕಾಣದ್ದು ಮಿಷನ್‌ಗೆ ಕಾಣ್ತದೆ ಕಣಮ್ಮ."

ಲಕ್ಷ್ಮಿದೇವಮ್ಮ ಸೆರಗಿನೊಳಗಿಂದ ಗಾಳಿಗೆ ಹೇಳಿದಳು: "ಕುರ್ಚಿ ಹತ್ರ ಯಾರೋ ನಿಂತವ್ರೆ."

ಮುನಿಗಂಗಮ್ಮ ಕೈ ತೆಗೆದಳು. ಹೋಗಿ ಕೊಯ್ದು ಹಾಕಿದ್ದ ಸೊಪ್ಪಿನ ರಾಶಿಯ ಪಕ್ಕ ಕೂತಳು.

ಅವಳಿಲ್ಲದೆ ತೆಗೆದರು. ಮತ್ತೆ ಕಪ್ಪು. ಅವಳು ತಲೆ ಎತ್ತಿದಳು. ಈಗಲಾದರೂ ಯಾರಾದರೂ ಒಂದು ಮಾತು ಅಂದಾರು ಅಂತ. ಆಂಜಿನಮ್ಮ ಅಂದಳು: "ಅಲ್ಲಿಂದ ಕಣ್ಣು ಬಿಟ್ಕೊಂಡು ನೋಡ್ತಾವಳಲ್ಲ, ಇನ್ನೇನಾಗ್ತದೆ! ಆ ಕಡೆ ತಿರುಗಮ್ಮೋ!"

ಮುನಿಗಂಗಮ್ಮ ಆ ಕಡೆ ತಿರುಗಿ ಕೂತಳು. ಮತ್ತೆ ತೆಗೆದರು. ಕಪ್ಪು.

ಆಮೇಲೆ ಸಾಬರ ಪಾಡು ಯಾರಿಗೂ ಬೇಡ. ಗಾಜು ಒರೆಸಿದರು. ಬ್ಯಾಟರಿ ತೆಗೆದು ಹಾಕಿದರು. ಹಳೇ ದೊಡ್ಡ ಫ್ಲಾಶನ್ನು ಇದರ ತಲೆಗೆ ಕೂರಿಸಲು ನೋಡಿದರು, ಕೂರಲಿಲ್ಲ. ಇದರದೇ ಚಿಕ್ಕ ಫ್ಲಾಶು ಅಷ್ಟು ದೂರಕ್ಕೆ ಮಿಣುಕಿ ಸುಮ್ಮನಾಯಿತು. ಕೂಡುವ ಕಳೆಯುವ ಗುರುತಿದ್ದ ಒಂದು ಗುಂಡಿ ಇತ್ತು, ಮುಟ್ಟಬೇಡಿ ಅಂದಿದ್ದ ಗುಂಡಿ. ಅದನ್ನೂ ಒತ್ತಿದರು. ಯಾವ ಕಡೆ ಒತ್ತಿದರೋ, ಈಗ ಗೋಡೆಯೂ ಕಪ್ಪಾಯಿತು. ಗಾಬರಿಯಾಗಿ ಹಿಂದಕ್ಕೆ ತಂದಿಟ್ಟರು.

ಊರವರೂ ಸುಮ್ಮನಿರಲಿಲ್ಲ.

"ಮುಚ್ಚಳ ತೆಗ್ದಿದೀರಾ ಸಾಬ್ರೇ?"

"ಕುರ್ಚೀನ ಆ ಕಡೆ ತಿರುಗಿಸಿ ನೋಡಣ."

"ಕೂರಿಸಿದ ಮೇಲೆ ಅಲ್ಲಾಡಿಸಬಾರ್ದು ಕಣೋ" ಅಂದ ಆವಲಪ್ಪ. "ಹೆಣ ಏನು ಸೋಫಾನಾ, ಬೇಕಾದ ಕಡೆ ತಳ್ಳೋಕೆ? ಗೌರಿಬಿದನೂರಿನ ನೆಂಟರು ಬರೋ ಹೊತ್ತಾಯ್ತು. ಬೇಗ ನೋಡಿ."

ಬಿಸಿಲು ಏರಿತು. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲವಾಗಿ ಕೋನಪ್ಪನ ಬಾಯಿ ಒಂದಿಷ್ಟು ತೆರೆದುಕೊಂಡಿತು. ನೊಣ ಬಂತು. ಸುನೀಲ ಟವೆಲಿನಲ್ಲಿ ಬೀಸಿದ. ತಮಟೆಯವರು ಬೀಡಿ ಹಚ್ಚಿಕೊಂಡು ಬೇಲಿ ಪಕ್ಕ ಕೂತರು. ಮುನಿಗಂಗಮ್ಮನಿಗೆ ಎದ್ದು ಹೋಗಿ ಆ ಬಟ್ಟೆ ಬಿಗಿ ಮಾಡಬೇಕು ಅನ್ನಿಸಿತು. ತಿರುಗಿ ನೋಡಿದರೆ ಬೈಗುಳ. ಬೆನ್ನು ಹಾಕಿ ಕೂತೇ ಇದ್ದಳು.

ಸಾಬರು ಬೆವರು ಒರೆಸಿಕೊಳ್ಳುತ್ತಾ ಈ ಕಡೆ ಬಂದರು. ಕ್ಯಾಮರಾ ಕೆಟ್ಟಿದೆಯೋ ಇಲ್ಲವೋ ನೋಡೋಣ ಅಂತ ಹಸುವಿನದೊಂದು ಫೋಟೋ ಹೊಡೆದರು. ಚೆನ್ನಾಗಿ ಬಂತು. ಹಸುವಿನ ಹಣೆಯ ಸುಳಿ ಕೂಡ ಎಣಿಸಬಹುದಿತ್ತು. ಸೊಪ್ಪಿನ ರಾಶಿಯ ಮುಂದೆ ಕೂತಿದ್ದ ಮುನಿಗಂಗಮ್ಮನಿಗೆ, "ಒಂದ್ನಿಮಿಷ ಇತ್ಲಾಗೆ ನೋಡಮ್ಮ" ಅಂದು ಒಂದು ಹೊಡೆದರು. ಅದೂ ಚೆನ್ನಾಗಿ ಬಂತು. "ಯಾ ಅಲ್ಲಾ, ಇಲ್ಲಿ ಸರಿ, ಅಲ್ಲಿ ತಪ್ಪು! ನೋಡಮ್ಮ, ನೀನೇ ನೋಡು" ಅಂತ ಅವಳ ಮುಂದೆ ಹಿಡಿದರು.

ಮುನಿಗಂಗಮ್ಮ ನೋಡಿದಳು. ಬೆಳಕಲ್ಲಿ ಬಂದ ಅವಳ ಮುಖ. ಹಣೆಯಲ್ಲಿ ಕುಂಕುಮ. ಅವಳಿಗೆ ಬೇಕಾದದ್ದು ಅದಲ್ಲ. ಕಣ್ಣು ಮುಖ ಬಿಟ್ಟು ಹಿಂದಕ್ಕೆ ಹೋಯಿತು. ಹಿಂದೆ ಸೊಪ್ಪು. ಅತ್ತ ನಿಂತಿದ್ದ ಹಸುವಿನ ಹಿಂದೆ ಕತ್ತಲೆ ಕೊಟ್ಟಿಗೆ. ಆಮೇಲೆ ತಲೆ ಎತ್ತಿ ಕೋನಪ್ಪನ ಹಿಂದೆ ಉರಿಯುತ್ತಿದ್ದ ಗೋಡೆ ನೋಡಿದಳು. ಅವಳ ಕಣ್ಣೂ ಕಿರಿದಾಯಿತು.

"ಸಾಬ್ರೇ, ಅದರದೇನೂ ತಪ್ಪಿಲ್ಲ" ಅಂದಳು. "ನಾನು ದಿನಾ ಪಡೋ ಪಾಡೇ ಅದು. ಬಿಸಿಲಲ್ಲಿ ಈ ಸುಣ್ಣದ ಗೋಡೆ ನೋಡ್ಕೊಂಡು ಒಳಗೆ ಹೋದ್ರೆ ಹುಳುವೇ ಕಾಣಲ್ಲ ನಂಗೆ. ಕಣ್ಣು ಮುಚ್ಚಿಕೊಂಡ್ಬಿಡ್ತದೆ. ಇದಕ್ಕೂ ಹಂಗೇ. ಬಿಳೀದು ಕಂಡು ಕಣ್ಣು ಮುಚ್ಚಿಕೊಳ್ತಾ ಇದೆ. ಮುಂದಿರೋರು ಎಲ್ಲಿ ಕಂಡಾರು?"

ಸಾಬರು ಹಣೆ ಹೊಡೆದುಕೊಂಡರು. ಬಿಳೀ ಗೋಡೆ ಇದ್ದರೆ ಕ್ಯಾಮರಾದ ಬಳೆ ಎರಡು ಗೆರೆ ತಿರುಗಿಸಿ ಬೆಳಕು ಹೆಚ್ಚು ಬಿಡು ಅಂತ ಅವರ ಉಸ್ತಾದರು ಮೊದಲ ವಾರವೇ ಹೇಳಿಕೊಟ್ಟಿದ್ದರು. ರೀಲಿನ ಕ್ಯಾಮರಾದಲ್ಲಿ ಮೂವತ್ತು ವರ್ಷ ಅವರ ಬೆರಳು ತಾನಾಗೇ ಅದನ್ನು ಮಾಡಿತ್ತು. ಆಟೋ ಅನ್ನುವ ಮಾತು ಕೇಳಿದ್ದೇ ಬೆರಳು ಮರೆತುಬಿಟ್ಟಿತ್ತು. "ಇದ್ರಲ್ಲಿ ಎರಡು ಗೆರೆ ಎಲ್ಲಿ ಅಂತ ಹುಡುಕಲಿ ನಾನೀಗ?"

"ಗೋಡೆ ಮುಚ್ಚಿಬಿಡಿ" ಅಂದಳು ಮುನಿಗಂಗಮ್ಮ. "ನನ್ನ ಹತ್ರ ಕರೀ ಕಂಬಳಿ ಇದೆ. ಇಬ್ರಿಗಾಗೋ ಕಂಬಳಿ, ದೊಡ್ಡದು." ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸಾಬರು ಈಗ ಅವಳ ಮುಖ ನೋಡಿದರು. ಬೆಳಗಿನಿಂದ ತಿಳಿಯದ್ದು ಆ ಗಳಿಗೆಯಲ್ಲಿ ಅವರಿಗೆ ತಿಳಿಯಿತು.

"ತಗೊಂಡು ಬಾಮ್ಮ" ಅಂದರು ಮೆಲ್ಲಗೆ. "ಬೆಳಕೊಂದು ಸರಿ ಹೋಗ್ಲಿ. ಆಮೇಲೆ ನಿನ್ನನ್ನೂ ನಿಲ್ಲಿಸಿ ಒಂದು ಹೊಡಿತೀನಿ. ಅಲ್ಲಾನ ಮೇಲಾಣೆ."

ಅವಳು ಓಡಿದಳು. ನಲವತ್ತೈದರ ಹೆಂಗಸು, ಸಾವಿನ ಮನೆ ಅನ್ನುವುದನ್ನೂ ಮರೆತು ಓಡಿದಳು.

ಕಂಬಳಿ ಬಂತು. ನೇತುಹಾಕಲು ಗೋಡೆಯಲ್ಲಿ ಒಂದು ಮೊಳೆ ಇಲ್ಲ. "ಹೊಸ ಗಾರೆ, ಮೊಳೆ ಹೊಡೆದ್ರೆ ಬಿರುಕು ಬಿಡ್ತದೆ" ಅಂದ ಸುನೀಲ. ಚಪ್ಪರದ ಗಳಕ್ಕೆ ಕಟ್ಟಿದರೆ ಗಳವೇ ವಾಲಿತು. ಯಾರಾದರೂ ಹಿಂದೆ ನಿಂತು ಹಿಡಿಯಬೇಕು. ಯಾರು ಹಿಡಿಯುವುದು? ತಮ್ಮ ಆವಲಪ್ಪ ಫೋಟೋದಲ್ಲಿ ಇರಬೇಕು. ಭಾವಮೈದುನರು ಇರಬೇಕು. ದಾಯಾದಿಗಳು ಇರಬೇಕು. ತಮಟೆಯವರು ಹತ್ತಿರ ಬರುವ ಹಾಗಿಲ್ಲ. ಆಂಜಿನಮ್ಮ ಕೂಡ ತಲೆ ಬಾಚಿಕೊಂಡು ಬಂದಿದ್ದಳು, ಅಕ್ಕಪಕ್ಕದವರದೂ ಒಂದು ಇರಲಿ ಅಂತ.

ಫೋಟೋದಲ್ಲಿ ಇರಬೇಕಾಗಿಲ್ಲದವರು ಆ ಅಂಗಳದಲ್ಲಿ ಒಬ್ಬರೇ.

"ಅವಳೇ ಹಿಡೀಲಿ, ಅವಳ ಕಂಬಳಿ ತಾನೇ" ಅಂದ ಆವಲಪ್ಪ.

ಮುನಿಗಂಗಮ್ಮ ಸಾಬರ ಕಡೆ ನೋಡಿದಳು. ಸಾಬರು, ಆಮೇಲೆ, ಅನ್ನುವ ಹಾಗೆ ಕೈ ಮಾಡಿದರು.

ಅವಳು ಕುರ್ಚಿಯ ಹಿಂದೆ, ಗೋಡೆಗೂ ಕುರ್ಚಿಗೂ ನಡುವಿನ ಸಂದಿಯಲ್ಲಿ, ಒಂದು ಮಣೆಯ ಮೇಲೆ ಹತ್ತಿ ನಿಂತಳು. ಕಂಬಳಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ತಲೆಯ ಮೇಲಕ್ಕೆ ಎತ್ತಿದಳು. ಬೆನ್ನ ಹಿಂದೆ ಕಾದ ಸುಣ್ಣದ ಗೋಡೆ. ಕಣ್ಣ ಮುಂದೆ ಕರೀ ಉಣ್ಣೆ. ಅದರಾಚೆ ಗೇಣು ದೂರದಲ್ಲಿ ಕೋನಪ್ಪನ ತಲೆ.

ಕ್ಲಿಕ್.

"ಬಂತು! ಬಂತು ಕಣಪ್ಪ!" ಸಾಬರು ಕೂಗಿದ್ದು ಕೇಳಿಸಿತು. ಜನ ಮುಗಿಬಿದ್ದರು.

"ಅಬ್ಬಾ, ಭಾವ ನಿದ್ದೆ ಮಾಡ್ತಾ ಇರೋಂಗೇ ಅವ್ರೆ."

"ನನ್ನ ಮೂಗುತಿ ಕೂಡ ಕಾಣ್ತದೆ ನೋಡೇ!"

"ನೋಡಿದ್ರಾ, ಅವಳನ್ನ ಹಿಂದಕ್ಕೆ ಕಳಿಸಿದ್ದೇ ಬೆಳಕಾಯ್ತು" ಅಂದಳು ಆಂಜಿನಮ್ಮ. ಯಾರೂ ಇಲ್ಲ ಅನ್ನಲಿಲ್ಲ. ಸಾಬರು ಮಾತ್ರ, "ಆಯಮ್ಮನೇ ಕಣಮ್ಮ ಕಂಡುಹಿಡಿದಿದ್ದು" ಅಂದರು. "ಏನು ಕಂಡುಹಿಡಿದ್ಲು, ಕಂಬಳಿ ಹಿಡಿದ್ಲು" ಅಂದ ಆವಲಪ್ಪ. ನಾಲ್ಕು ಜನ ನಕ್ಕರು.

ಮುನಿಗಂಗಮ್ಮ ಕಂಬಳಿಯೊಳಗಿಂದ ಎಲ್ಲಾ ಕೇಳುತ್ತಿದ್ದಳು. ಕೋನಪ್ಪನ ತಲೆಗೆ ಹಚ್ಚಿದ್ದ ಹರಳೆಣ್ಣೆಯ ವಾಸನೆ, ಹಾರದ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ ಆಗಲೇ ಶುರುವಾಗಿತ್ತು. ಊರೆಲ್ಲ ನೆರೆದಿರುವಾಗ ಅವನಿಗೆ ಇಷ್ಟು ಹತ್ತಿರ ಅವಳು ಎಂದೂ ನಿಂತಿರಲಿಲ್ಲ. ಇಷ್ಟು ಸಾಕಲ್ಲ ಅಂದುಕೊಂಡಳು. ಸಾಲುವುದಿಲ್ಲ ಅಂತ ಮರುಕ್ಷಣವೇ ಗೊತ್ತಾಯಿತು.

ಗೌರಿಬಿದನೂರಿನವರು ಬಂದರು, ಒಂದು ಟೆಂಪೋ ತುಂಬ. ಅವರದೊಂದು. ಬೀಗರದೊಂದು. ಹೆಣ್ಣುಮಕ್ಕಳು ಮಾತ್ರ ಒಂದು. ಸುನೀಲ ಅಪ್ಪನ ಕಾಲು ಮುಟ್ಟುವುದೊಂದು, ಸರಿ ಬರಲಿಲ್ಲ ಅಂತ ಮತ್ತೊಂದು. ಒಂದೊಂದಕ್ಕೂ, "ಕಂಬಳಿ ಎತ್ತಮ್ಮ, ಇಳೀತಾ ಅದೆ." ಎತ್ತಿದಳು. ತೋಳು ನಡುಗಿ ಸೋತುಹೋದವು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಇಲ್ಲ. ಒಂದು ಸಲ ಕಂಬಳಿ ಜಾರಿ ಕೋನಪ್ಪನ ತಲೆಯ ಮೇಲೆ ಬಿತ್ತು. ಬೈಗುಳದ ಮಳೆ. ಮತ್ತೆ ಎತ್ತಿದಳು.

ಆಗ ಕ್ಯಾಮರಾ ಕುಯ್ಯೆಂದು ನಿಂತಿತು.

"ಏನಾಯ್ತು?" ಸುನೀಲನ ದನಿ.

"ಕಾರ್ಡ್ ತುಂಬಿದೆ ತಮ್ಮಾ. ಚಿಕ್ಕದು ಇದು, ಕ್ಯಾಮರಾ ಜೊತೆ ಕೊಟ್ಟಿದ್ದು. ಇಪ್ಪತ್ನಾಲ್ಕು ಹಿಡಿಯೋದಷ್ಟೇ."

"ಬೆಳಗ್ಗೆ ತೆಗೆದ ಕರ್ರಗಿರೋವೆಲ್ಲಾ ಇವೆಯಲ್ಲ, ಅವನ್ನ ಅಳಿಸಿ. ಯಾತಕ್ಕೆ ಬೇಕು ಅವು?"

ಮುನಿಗಂಗಮ್ಮನ ಕಿವಿ ನಿಮಿರಿತು.

"ಇರ್ಲಿ ತಮ್ಮಾ, ಕಂಪ್ಯೂಟರಿಗೆ ಹಾಕಿ ಬೆಳಕು ಮಾಡಿಸೋಕೆ ಬರ್ತದೇನೋ..."

"ಚೆನ್ನಾಗಿರೋವು ಇವೆಯಲ್ಲ, ಆ ಕರ್ರಗಿರೋವನ್ನೇನು ಬೆಳಕು ಮಾಡೋದು? ಹಸೂದು ಗಿಸೂದು ಎಲ್ಲಾ ಅಳಿಸ್ರೀ. ಚಿಂತಾಮಣಿ ಮಾವ ಬಂದವ್ರೆ, ಅವರದೊಂದು ಆಗ್ಲಿ, ಎತ್ತಿಬಿಡಣ."

"ಸಾಬ್ರೇ!" ಅಂದಳು ಮುನಿಗಂಗಮ್ಮ. ಬಾಯಿಗೆ ಕಂಬಳಿ ಅಡ್ಡ. "ಸಾಬ್ರೇ, ಬೇಡ! ಒಂದು ಬಿಡಿ!"

"ಸುಮ್ನೆ ಹಿಡ್ಕೊಂಡು ನಿಂತ್ಕೊಳಮ್ಮ!" ಆವಲಪ್ಪ ಗದರಿದ.

ಕೈ ಬಿಟ್ಟು ಓಡಿಬಂದು ಸಾಬರ ಕೈ ಹಿಡಿಯಬಹುದಿತ್ತು. ಆದರೆ ಕೈ ಬಿಟ್ಟರೆ ಕಂಬಳಿ ಅವನ ಮುಖದ ಮೇಲೆ ಬೀಳುತ್ತಿತ್ತು. ಅವಳು ಬಿಡಲಿಲ್ಲ. ಕರೀ ಉಣ್ಣೆಯ ಆಚೆಯಿಂದ ಒಂದು ಸದ್ದು ಬಂತು. ಟಿಕ್. ಆಮೇಲೆ ಇನ್ನೊಂದು. ಒಂದೊಂದಕ್ಕೂ ಒಂದು ಟಿಕ್. ಮೊದಲ ಎರಡರಲ್ಲಿ ಅವಳಿದ್ದಳು. ಸೊಪ್ಪಿನ ರಾಶಿಯ ಮುಂದಿನದೂ ಹೋಯಿತು, ಹಸುವಿನ ಹಿಂದೆಯೇ.

ಚಿಂತಾಮಣಿ ಮಾವನದಾಯಿತು.

"ಇನ್ನೊಂದೇ ಒಂದು" ಅಂದರು ಸಾಬರು. "ಆ ತಾಯೀನ ಒಂದ್ಸಲ ಮುಂದಕ್ಕೆ..."

"ಯಾವ ತಾಯಿ?" ಅಂದಳು ಲಕ್ಷ್ಮಿದೇವಮ್ಮ. ಸೆರಗು ತೆಗೆದು, ಸಾಬರ ಮುಖ ನೋಡಿ, ಆ ದಿನ ಮೊದಲ ಸಲ ಒಬ್ಬ ಮನುಷ್ಯನಿಗೆ ನೇರವಾಗಿ ಹೇಳಿದಳು: "ಇಲ್ಲಿ ಇನ್ಯಾರೂ ಇಲ್ಲ ಸಾಬ್ರೇ. ನಿಮ್ಮ ಕೆಲಸ ಆಯ್ತು."

ತಮಟೆ ಶುರುವಾಯಿತು. ಮುನಿಗಂಗಮ್ಮ ತೋಳು ಇಳಿಸಲಾಗದೆ ಇಳಿಸಿ, ಕಂಬಳಿ ಸರಿಸಿ ನೋಡುವ ಹೊತ್ತಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೋನಪ್ಪನನ್ನು ಪಲ್ಲಕ್ಕಿಗೆ ಎತ್ತಿಯಾಗಿತ್ತು. ಕುರ್ಚಿಯಲ್ಲಿ ಉದುರಿದ ಹೂವು ಮಾತ್ರ ಇತ್ತು.

ಹನ್ನೊಂದನೇ ದಿನ ಅಸ್ಗರ್ ಸಾಬರು ಫೋಟೋ ತಂದರು. ತಿಥಿಯ ಊಟಕ್ಕೆ ಊರೇ ಸೇರಿತ್ತು. ಮೊಳದುದ್ದದ ಪ್ರಿಂಟು, ಪಕ್ಕದಲ್ಲಿ ಹಾಕೋಕೆ ಗಾಜಿನ ಕಟ್ಟು ಬೇರೆ. ಪ್ರಿಂಟು ಬಿಚ್ಚಿ ಮಂಚದ ಮೇಲೆ ಇಟ್ಟರು. ನಿಜಕ್ಕೂ ಚೆನ್ನಾಗಿತ್ತು. ಕಪ್ಪು ಹಿನ್ನೆಲೆಯಲ್ಲಿ ಕೋನಪ್ಪ ದೊರೆಯ ಹಾಗೆ ಕೂತಿದ್ದ. ಲಕ್ಷ್ಮಿದೇವಮ್ಮನ ಬಳೆ ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು.

ಆಂಜಿನಮ್ಮನ ಕಣ್ಣು ಮೇಲಕ್ಕೆ ಹೋಯಿತು. "ಇದೇನಿದು, ಅಣ್ಣನ ತಲೆ ಮೇಲೆ?"

ಕಂಬಳಿಯ ಮೇಲಂಚಿನಲ್ಲಿ ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಎಂಟು ಬೆರಳು.

"ಗೊತ್ತಿಲ್ದೇ ಬಿಟ್ಟಿದ್ದು" ಅಂದರು ಸಾಬರು. ಗೊತ್ತಿಲ್ಲದೆ ಬಿಟ್ಟದ್ದಾಗಿದ್ದರೆ ಅವರು ಹಾಗೆ ನೆಲ ನೋಡುತ್ತಿರಲಿಲ್ಲ.

"ದೆವ್ವ ಹಿಂದಿಂದ ಹತ್ತಿ ಬರ್ತಾ ಇರೋಂಗದೆ" ಅಂದ ಆವಲಪ್ಪ. ಪಂಕ್ತಿಯಲ್ಲಿ ಕೂತವರು ನಕ್ಕರು.

ಮುನಿಗಂಗಮ್ಮ ಎಂಜಲೆಲೆ ತೆಗೆಯುತ್ತಿದ್ದವಳು ನಿಂತಳು. ಬೆರಳೇ ಇರಲಿ. ಗೋಡೆಯ ಮೇಲೆ ಬೆರಳೇ ಇರಲಿ ದೇವರೇ, ಯಾರದು ಅಂತ ಕೇಳಿದವರಿಗೆ ಒಬ್ಬರಾದರೂ ಹೇಳಿಯಾರು.

"ಕತ್ತರಿ ತಾ" ಅಂದಳು ಲಕ್ಷ್ಮಿದೇವಮ್ಮ ಮಗನಿಗೆ.

ಸಾಬರು ತಾವೇ ಕತ್ತರಿಸಬೇಕಾಯಿತು. ಮೂವತ್ತು ವರ್ಷದ ಕೈ, ಗೆರೆ ನೇರವಾಗೇ ಬಂತು. ಎರಡು ಬೆರಳಗಲದ ಉದ್ದ ಪಟ್ಟಿಯೊಂದು ಮಂಚದ ಮೇಲೆ ಸುರುಳಿಯಾಗಿ ಬಿತ್ತು. ಉಳಿದದ್ದನ್ನು ಕಟ್ಟಿನೊಳಗೆ ಕೂರಿಸಿದರೆ ಮೇಲೆ ಎರಡು ಬೆರಳು ಜಾಗ ಖಾಲಿ ಉಳಿಯಿತು. ಮೊದಲೇ ಕತ್ತರಿಸಿದ್ದರೆ ಕಟ್ಟು ಇನ್ನೂ ಚಿಕ್ಕದು ಸಾಕಾಗುತ್ತಿತ್ತಲ್ಲ ಅಂದ ಸುನೀಲ.

ಲಕ್ಷ್ಮಿದೇವಮ್ಮ ಆ ಪಟ್ಟಿ ಎತ್ತಿಕೊಂಡಳು. ಎದ್ದು ಬಂದಳು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ ನಿಂತು, ಅವಳ ಕಣ್ಣಿನಲ್ಲಿ ಕಣ್ಣಿಟ್ಟು, ಮೊದಲ ಸಲ ಹೆಸರು ಹಿಡಿದಳು.

"ತಗೋ ಮುನಿಗಂಗಿ. ನಿನ್ನ ಪಾಲು."

ಮುನಿಗಂಗಮ್ಮ ಎಂಜಲು ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ, ಓದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಕರೀ ಉಣ್ಣೆ, ಎಂಟು ಬೆರಳು. ಬೆಳಕು ಬಹಳ ಚೆನ್ನಾಗಿ ಬಂದಿತ್ತು. ಉಗುರಿನ ಸಂದಿಯಲ್ಲಿದ್ದ ಸೊಪ್ಪಿನ ಕರೆ ಕೂಡ ಕಾಣುತ್ತಿತ್ತು.